ಊರ ಕೆಲಸಕ್ಕೆ ಕರೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ತಮ್ಮ ಊರನ್ನು, ಕೇರಿಯನ್ನು ಸುಧಾರಿಸಲು ನಿವಾಸಿಗಳೇ ಏನು ಮಾಡಬಹುದು ಎಂದು ಕೇಳಿ ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಸೀಮೆಯಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಸೂಚಿಸಿದ್ದೇನೆ.

ಪ್ರಶ್ನೆ: ನಮ್ಮ ಕೇರಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ರಸ್ತೆಯನ್ನೂ ಕಡಲತೀರವನ್ನೂ ಸ್ವಚ್ಛಗೊಳಿಸುವ ಕೆಲಸ ಆರಂಭಿಸಿದೆವು. ಮೊದಲ ವಾರ ನಲವತ್ತು ಜನ ಬಂದರು; ಆರನೆಯ ವಾರದ ಹೊತ್ತಿಗೆ ನಾವು ನಾಲ್ವರೇ ಉಳಿದೆವು. ಜನರಿಗೆ ಊರಿನ ಮೇಲೆ ಅಭಿಮಾನವೇ ಇಲ್ಲವೇ? ಅವರನ್ನು ಮತ್ತೆ ಕರೆತರುವುದು ಹೇಗೆ? (ಕೋಡಿಬಾಗ, ಕಾರವಾರ)

ಉತ್ತರ: ಅಭಿಮಾನ ಇಲ್ಲದಿದ್ದರೆ ಮೊದಲ ಭಾನುವಾರವೇ ಆ ನಲವತ್ತು ಜನ ಬರುತ್ತಿರಲಿಲ್ಲ. ಅವರು ಬಂದರು, ಒಂದೆರಡು ಗಂಟೆ ಕಸ ಹೆಕ್ಕಿದರು, ಮುಂದಿನ ವಾರ ಬಂದಾಗ ಅದೇ ಜಾಗದಲ್ಲಿ ಅಷ್ಟೇ ಕಸ ಬಿದ್ದಿರುವುದನ್ನು ಕಂಡರು. ಮುಗಿಯುವ ಲಕ್ಷಣವೇ ಕಾಣದ ಕೆಲಸಕ್ಕೆ, ತಾನು ಬಾರದಿದ್ದರೂ ಯಾವ ಕೊರತೆಯೂ ಆಗದ ಕೆಲಸಕ್ಕೆ ಯಾರೂ ಬಹಳ ವಾರ ಬರುವುದಿಲ್ಲ. ನೀವು ಕೇರಿಯವರನ್ನೆಲ್ಲ ಒಟ್ಟಾಗಿ ಕರೆದಿರಿ. ಆದರೆ ಇಂಥವರು ಇಂಥ ಕೆಲಸಕ್ಕೆ ಬೇಕು ಎಂದು ಯಾರ ಮನೆಗೂ ಹೋಗಿ ಹೇಳಿರಲಿಕ್ಕಿಲ್ಲ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ.

ನಿಮ್ಮದೇ ತೀರದಲ್ಲಿ ನಡೆಯುತ್ತಿದ್ದ ರಂಪಣಿ ಮೀನುಗಾರಿಕೆಯನ್ನು ಕೇರಿಯ ಹಿರಿಯರಲ್ಲಿ ಕೇಳಿ ತಿಳಿದುಕೊಳ್ಳಿ. ಆ ದೊಡ್ಡ ಬಲೆ ಒಬ್ಬನ ಸೊತ್ತಾಗಿರಲಿಲ್ಲ. ಹಲವು ಕುಟುಂಬಗಳು ತಂದ ತುಂಡುಗಳು ಸೇರಿ ಒಂದು ಬಲೆಯಾಗುತ್ತಿತ್ತು. ದೋಣಿಯಲ್ಲಿ ಹೋಗಿ ಬಲೆ ಬಿಡುವವರು ಕೆಲವರಾದರೆ ದಡದಲ್ಲಿ ನಿಂತು ಎರಡೂ ತುದಿಯ ಹಗ್ಗ ಎಳೆಯುವವರು ಹತ್ತಾರು ಜನ. ಬಂಗಡೆ, ತಾರ್ಲೆ ಏನೇ ಸಿಕ್ಕಿದರೂ ಬಲೆಗಿಷ್ಟು, ದೋಣಿಗಿಷ್ಟು, ದುಡಿದ ಕೈಗಿಷ್ಟು ಎಂದು ಪಾಲಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಆ ಪದ್ಧತಿ ಬಹುಮಟ್ಟಿಗೆ ಹಿಂದೆ ಸರಿಯಿತು. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಕಾಲದಲ್ಲಿ ನಡೆಯುವ ಮುರಿಯಾಳಿನ ಕ್ರಮವೂ ಇಂಥದ್ದೇ: ಇಂದು ನಿಮ್ಮ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀವು. ಎರಡರಲ್ಲಿಯೂ ಪ್ರತಿಯೊಬ್ಬನ ಜಾಗ ಗೊತ್ತಿರುತ್ತಿತ್ತು, ಒಬ್ಬ ಬಾರದಿದ್ದರೆ ಅವನ ಜಾಗ ಖಾಲಿ ಕಾಣುತ್ತಿತ್ತು. ನಿಮ್ಮ ಭಾನುವಾರದ ಕೆಲಸದಲ್ಲಿ ಇಲ್ಲದಿರುವುದು ಅದೇ.

ಆದ್ದರಿಂದ ಪ್ರತಿ ವಾರದ ಸ್ವಚ್ಛತೆಯನ್ನು ಸದ್ಯಕ್ಕೆ ಬಿಟ್ಟು, ಆರಂಭವೂ ಅಂತ್ಯವೂ ಇರುವ ಒಂದೇ ಕೆಲಸವನ್ನು ಹಿಡಿಯಿರಿ. ನನ್ನನ್ನು ಕೇಳಿದರೆ ಮಳೆಗಾಲಕ್ಕೆ ಮೊದಲು ಕೇರಿಯ ಗಟಾರವನ್ನು ತೆರವು ಮಾಡುವುದೇ ಆ ಕೆಲಸ ಎನ್ನುತ್ತೇನೆ. ಕಡಲಿಗೆ ಸೇರುವ ನಾಲೆಗಳ ಬಾಯಿ ಬೇಸಿಗೆಯಲ್ಲಿ ಮರಳಿನಿಂದ ಮುಚ್ಚಿಕೊಳ್ಳುತ್ತದೆ. ಜೂನ್ ತಿಂಗಳಲ್ಲಿ ದೊಡ್ಡ ಮಳೆಯೂ ಕಡಲ ಭರತಿಯೂ ಒಂದೇ ಹೊತ್ತಿಗೆ ಬಂದರೆ ಗಟಾರದ ನೀರು ಮುಂದೆ ಹೋಗಲಾಗದೆ ಅಂಗಳಕ್ಕೆ ತಿರುಗುತ್ತದೆ. ಏಪ್ರಿಲ್ ಕೊನೆಯಲ್ಲಿ ಕೇರಿಯ ನಾಲ್ಕೈದು ಜನ ಗಟಾರದುದ್ದಕ್ಕೂ ನಡೆದು ಎಲ್ಲೆಲ್ಲಿ ಹೂಳಿದೆ, ಎಲ್ಲಿ ಕಲ್ಲುಚಪ್ಪಡಿ ಕುಸಿದಿದೆ, ಯಾವ ಮೋರಿಯ ಕೆಳಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂದು ಬರೆದುಕೊಳ್ಳಿ. ಅಷ್ಟು ಉದ್ದವನ್ನು ಮನೆಗಳಿಗೆ ಹಂಚಿ, ಮನೆಮನೆಗೆ ಹೋಗಿ ದಿನ ಗೊತ್ತು ಮಾಡಿ. ದುಡಿಯಲಾಗದ ಹಿರಿಯರು ಚಹಾ, ಅವಲಕ್ಕಿ ಒದಗಿಸಲಿ. ಪಿಕಾಸಿ, ಸಲಿಕೆ ಇರುವವರು ಅವನ್ನು ಕೊಡಲಿ. ಲೆಕ್ಕ ಬರೆಯುವವರು ಒಬ್ಬರಿರಲಿ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಎತ್ತಿದ ಹೂಳನ್ನು ಗಟಾರದ ದಡದಲ್ಲಿಯೇ ಬಿಟ್ಟರೆ ಮೊದಲ ಮಳೆಗೆ ಅದು ಮರಳಿ ಒಳಗೆ ಬೀಳುತ್ತದೆ. ಅದಕ್ಕಾಗಿ ಆ ದಿನವೇ ವಾಹನ ಕಳುಹಿಸುವಂತೆ ನಗರಸಭೆಗೆ ಹದಿನೈದು ದಿನ ಮೊದಲು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಇನ್ನೊಂದು, ಶೌಚದ ನೀರು ಹರಿಯುವ ಮುಚ್ಚಿದ ಒಳಚರಂಡಿಗೆ ಯಾವ ಕಾರಣಕ್ಕೂ ಯಾರೂ ಇಳಿಯಕೂಡದು. ಅಲ್ಲಿನ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ; ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ.

ಕಡಲತೀರದ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಎತ್ತಿಕೊಳ್ಳಿ. ಆಗ ಕಸವನ್ನು ಹೆಕ್ಕುವುದರೊಂದಿಗೆ ಬಗೆಬಗೆಯಾಗಿ ವಿಂಗಡಿಸಿ ಎಣಿಸಿ. ತುಂಡಾದ ಬಲೆ, ಥರ್ಮೋಕೋಲ್ ಹೆಚ್ಚಿದ್ದರೆ ಮಾತಾಡಬೇಕಾದದ್ದು ಬಂದರಿನಲ್ಲಿ. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಹೆಚ್ಚಿದ್ದರೆ ತೀರದ ಅಂಗಡಿಗಳಲ್ಲಿ. ಮನೆಯ ಕಸವೇ ಹೆಚ್ಚಿದ್ದರೆ ಅದು ನಿಮ್ಮ ಗಟಾರದಿಂದಲೇ ಬಂದದ್ದು. ಮರಳ ಮೇಲೆ ಹಬ್ಬಿ ನೇರಳೆ ಹೂ ಬಿಡುವ ಅಡುಂಬು ಬಳ್ಳಿಯನ್ನು ಕಸವೆಂದು ಕಿತ್ತುಹಾಕಬೇಡಿ, ದಂಡೆಯ ಮರಳನ್ನು ಹಿಡಿದಿಟ್ಟಿರುವುದು ಅದೇ. ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಹೊತ್ತು ಈ ತೀರಗಳಿಗೆ ಬಂದು ಮೊಟ್ಟೆ ಇಡುತ್ತವೆಯಾದ್ದರಿಂದ, ಅಗೆದ ಗುರುತು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ನಾವೇ ಗಟಾರ ತೆಗೆಯಲು, ಕಸ ಎತ್ತಲು ಹೊರಟರೆ ತೆರಿಗೆ ಪಡೆಯುವ ಸ್ಥಳೀಯ ಸಂಸ್ಥೆ ತನ್ನ ಕೆಲಸವನ್ನು ಕೈಬಿಡುವುದಿಲ್ಲವೇ? (ಅಂಕೋಲಾ)

ಉತ್ತರ: ಕೈಬಿಡುವ ಅಪಾಯ ಖಂಡಿತ ಇದೆ. ಅದನ್ನು ತಡೆಯುವ ದಾರಿ ದುಡಿಮೆಯನ್ನು ನಿಲ್ಲಿಸುವುದಲ್ಲ, ದುಡಿಮೆಯನ್ನು ದಾಖಲೆಗೆ ತರುವುದು. ಇಂಥ ದಿನ ಇಷ್ಟು ಜನ ಇಷ್ಟು ಉದ್ದದ ಗಟಾರ ತೆಗೆದಿದ್ದೇವೆ, ಕುಸಿದ ಚಪ್ಪಡಿ ಹಾಕುವುದು, ಹೂಳು ಸಾಗಿಸುವುದು, ಮುಂದಿನ ವರ್ಷದಿಂದ ಸಕಾಲಕ್ಕೆ ತೆರವು ಮಾಡುವುದು ತಮ್ಮ ಹೊಣೆ ಎಂದು ಬರೆದು, ಚಿತ್ರಗಳನ್ನು ಲಗತ್ತಿಸಿ, ವಾರ್ಡಿನ ಸದಸ್ಯರಿಗೂ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರಿಗೂ ಕೊಡಿ. ತಾನೇ ಮೈಮುರಿದು ಒಂದು ಭಾಗ ಮಾಡಿ ಮುಗಿಸಿದವನು ಉಳಿದದ್ದನ್ನು ಕೇಳಲು ಹೋದಾಗ ಅವನ ಮಾತನ್ನು ತಳ್ಳಿಹಾಕುವುದು ಕಷ್ಟ ಎಂಬುದು ನನ್ನ ಅನುಭವ. ಪೌರಕಾರ್ಮಿಕರ ನಿತ್ಯದ ಕೆಲಸವನ್ನು ಮಾತ್ರ ನಿವಾಸಿಗಳು ತಮ್ಮ ಕೈಗೆ ತೆಗೆದುಕೊಳ್ಳಬಾರದು. ಹಸಿ ಕಸ, ಒಣ ಕಸವನ್ನು ಮನೆಯಲ್ಲಿಯೇ ಬೇರೆ ಮಾಡಿ, ಗಾಜಿನ ಚೂರು, ಸೂಜಿಗಳನ್ನು ಪ್ರತ್ಯೇಕವಾಗಿ ಕಟ್ಟಿ ಕೊಟ್ಟರೆ ಅವರಿಗೆ ಆಗುವ ಉಪಕಾರ ಭಾನುವಾರದ ಶ್ರಮದಾನಕ್ಕಿಂತ ದೊಡ್ಡದು.

ಪ್ರಶ್ನೆ: ಗ್ರಾಮಸಭೆಗೆ ಹೋಗುವುದರಿಂದ ನಿಜವಾಗಿ ಉಪಯೋಗವಿದೆಯೇ? ಬಂದ ಕೆಲವರು ಮನೆ ಮಂಜೂರಾಗಿದೆಯೇ ಎಂದು ಕೇಳಿ ಹೊರಡುತ್ತಾರೆ, ಉಳಿದವರು ಸಹಿ ಮಾಡಿ ಹೊರಡುತ್ತಾರೆ. ಊರಿನ ನೀರು, ದಾರಿ, ಶಾಲೆಯ ಮಾತು ಬರುವುದೇ ಇಲ್ಲ. (ಕುಮಟಾ ತಾಲ್ಲೂಕು)

ಉತ್ತರ: ಉಪಯೋಗವಿದೆ, ಆದರೆ ಸಿದ್ಧತೆಯಿಲ್ಲದೆ ಗ್ರಾಮಸಭೆಯ ದಿನವಷ್ಟೇ ಹೋದರೆ ಇಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮಸಭೆಗಿಂತ ಕೆಳಗೆ ವಾರ್ಡ್ ಸಭೆ ಎಂಬುದೊಂದಿದೆ. ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ತಮ್ಮ ವಾರ್ಡಿಗೆ ಯಾವ ಕೆಲಸ ಮೊದಲು ಬೇಕು, ಯಾವುದು ಆಮೇಲೆ ಎಂದು ಆದ್ಯತೆ ಗೊತ್ತುಪಡಿಸುವುದು ವಾರ್ಡ್ ಸಭೆಯ ಕೆಲಸ. ಆ ಪಟ್ಟಿ ಗ್ರಾಮಸಭೆಗೆ, ಅಲ್ಲಿಂದ ಪಂಚಾಯತಿಯ ಕ್ರಿಯಾಯೋಜನೆಗೆ ಹೋಗಬೇಕು. ವಾರ್ಡ್ ಸಭೆಯಲ್ಲಿ ಮೂಡದ ಬೇಡಿಕೆಯನ್ನು ಗ್ರಾಮಸಭೆಯ ಗದ್ದಲದಲ್ಲಿ ಎತ್ತಿದರೆ ಅದು ಗಾಳಿಗೆ ಹೋಗುತ್ತದೆ. ಜನರ ಶ್ರಮದಾನವನ್ನೂ ವಂತಿಗೆಯನ್ನೂ ಕ್ರೋಡೀಕರಿಸುವುದು ಸಹ ಈ ಸಭೆಗಳಿಗೆ ಕಾನೂನು ವಹಿಸಿರುವ ಕೆಲಸ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ.

ನಿಮ್ಮ ತಾಲ್ಲೂಕಿನ ಅಘನಾಶಿನಿ ನದಿಯ ದಂಡೆಯಲ್ಲಿ, ಭರತಿಯ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಭೂಮಿಯಲ್ಲಿ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ರೈತರು ಕಟ್ಟೆಯನ್ನು ಹೇಗೆ ಕಾಯುತ್ತಿದ್ದರು ಎಂದು ನೆನೆಸಿಕೊಳ್ಳಿ. ಕಟ್ಟೆ ಒಬ್ಬನ ಗದ್ದೆಯ ಬಳಿ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೆ ನುಗ್ಗುತ್ತದೆ. ಹಾಗಾಗಿ ಕಟ್ಟೆ ಕಟ್ಟುವ ದಿನ, ತೂಬಿನ ಬಾಗಿಲು ಏರಿಸಿ ಇಳಿಸುವ ಹೊತ್ತು, ಎಲ್ಲವೂ ಮೊದಲೇ ಸೇರಿ ಮಾತಾಡಿಕೊಂಡ ವಿಷಯಗಳಾಗಿದ್ದವು. ಸಭೆಗೂ ಅಂಥ ಸಿದ್ಧತೆ ಬೇಕು. ಸಭೆಗೆ ಹದಿನೈದು ದಿನ ಮೊದಲು ನಿಮ್ಮ ಮಜರೆಯ ಹತ್ತು ಮನೆಯವರು ಒಂದು ಜಗುಲಿಯಲ್ಲಿ ಕುಳಿತು, ಐದಾರು ಬೇಡಿಕೆಗಳಲ್ಲಿ ಈ ವರ್ಷಕ್ಕೆ ಒಂದೇ ಒಂದನ್ನು ಆರಿಸಿರಿ. ಮಕ್ಕಳು ಶಾಲೆಗೆ ದಾಟುವ ಹಳ್ಳದ ಕಾಲುಸಂಕವೇ ಆಗಿರಲಿ. ಪ್ರತಿ ವರ್ಷ ಅಡಿಕೆ ಮರದ ದಬ್ಬೆ ಹಾಸಿ ಸಂಕ ಕಟ್ಟುತ್ತಿರುವವರು ಯಾರು, ಎಷ್ಟು ಮಕ್ಕಳು ದಾಟುತ್ತಾರೆ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ದಾಟಲಾಗದೆ ಶಾಲೆ ತಪ್ಪಿತು ಎಂದು ಶಾಲೆಯ ಹಾಜರಿಯಿಂದಲೇ ಬರೆದುಕೊಂಡು ಹೋಗಿ. ಮೂವತ್ತು ಜನ ಒಂದೇ ಬೇಡಿಕೆಗೆ ಎದ್ದು ನಿಂತಾಗ ಅದನ್ನು ನಡಾವಳಿಗೆ ಸೇರಿಸದೆ ಸಭೆ ಮುಗಿಸುವುದು ಸುಲಭವಲ್ಲ.

ಸಭೆ ಮುಗಿದ ಮೇಲೆ ನಿರ್ಣಯ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಿದ್ದಾರೆಯೇ ಎಂದು ನೋಡಿಯೇ ಹೊರಡಿ. ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ನಡಾವಳಿಯ ಪ್ರತಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಈ ಅರ್ಜಿಯನ್ನು ಬೆದರಿಕೆಯ ಅಸ್ತ್ರವನ್ನಾಗಿ ಮಾಡಬೇಡಿ. ಪಂಚಾಯತಿಯ ಸಿಬ್ಬಂದಿ ಊರಿನವರೇ. ಸೌಜನ್ಯದಿಂದ ಒಮ್ಮೆ ಕೇಳಿ, ಆಗದಿದ್ದರೆ ಮಾತ್ರ ಅರ್ಜಿ ಕೊಡಿ.

ಇನ್ನು ಸಭೆಯ ಹೊತ್ತಿನ ವಿಚಾರ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗುವವರು, ಮೀನು ಮಾರುವ ಹೆಂಗಸರು, ನದಿಯಲ್ಲಿ ಚಿಪ್ಪೆಕಲ್ಲು ಹೆಕ್ಕುವವರು ಯಾರೂ ಬರಲಾರರು. ನೀರಿನ ಕಷ್ಟವನ್ನು ಬಲ್ಲವರು ಅವರೇ. ಸಮಯ ಬದಲಿಸುವಂತೆ ವಾರ್ಡಿನ ಸದಸ್ಯರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಕಾರವಾರ, ಶಿರಸಿಯಂಥ ಪಟ್ಟಣಗಳಲ್ಲಿಯೂ ಇಂಥ ವಾರ್ಡ್ ಸಭೆಗಳಿವೆಯೇ? (ಶಿರಸಿ ಪಟ್ಟಣ)

ಉತ್ತರ: ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಂತೆ ನಮ್ಮ ಈ ಎರಡೂ ಪಟ್ಟಣಗಳ ಜನಸಂಖ್ಯೆ 1 ಲಕ್ಷಕ್ಕಿಂತ ಕಡಿಮೆ. ಆದ್ದರಿಂದ ಇಲ್ಲಿ ಬೀದಿಯವರೇ ತಮ್ಮ ಸಭೆಯನ್ನು ಕಟ್ಟಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ವಾರ್ಡಿನ ನಗರಸಭಾ ಸದಸ್ಯರನ್ನು ಒಂದು ಮನೆಗೆ ಕರೆದು ಒಂದು ಗಂಟೆ ಮಾತಾಡಿ ಬರೆದಿಟ್ಟುಕೊಂಡರೆ ಸಾಕು.

ಪ್ರಶ್ನೆ: ನಮ್ಮ ಊರಿನ ತೋಟಗಳ ತಲೆಯ ಮೇಲಿರುವ ಹಳೆಯ ಕೆರೆ ಹೂಳು ತುಂಬಿ ಮಾರ್ಚ್ ತಿಂಗಳಿಗೇ ಒಣಗುತ್ತಿದೆ. ಊರವರೇ ಸೇರಿ ಯಂತ್ರ ತರಿಸಿ ಹೂಳು ತೆಗೆಯೋಣವೆಂದು ಯೋಚಿಸಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ಶಿರಸಿ ತಾಲ್ಲೂಕು)

ಉತ್ತರ: ನಿಮ್ಮ ಪತ್ರ ಓದಿದಾಗ ನಾನೇ ಮಾಡಿದ ತಪ್ಪು ನೆನಪಾಯಿತು. ಹಲವು ವರ್ಷಗಳ ಹಿಂದೆ ನಮ್ಮೂರಿನ ಕೆರೆಯ ಹೂಳನ್ನು ಊರವರೆಲ್ಲ ಸೇರಿ ತೆಗೆಸಿದೆವು. ಹಣ ಕೂಡಿಸಲು ಓಡಾಡಿದವರಲ್ಲಿ ನಾನೂ ಒಬ್ಬ. ಕೆರೆ ಆಳವಾಯಿತು, ಆ ವರ್ಷ ತುಂಬಿತು, ಊರಿಗೆಲ್ಲ ಸಂತೋಷವಾಯಿತು. ಆದರೆ ಕೆರೆಯ ಮೇಲಿನ ಬೆಟ್ಟದ ಕಡೆಗೆ ನಾವು ತಲೆಯೆತ್ತಿಯೂ ನೋಡಿರಲಿಲ್ಲ. ಸೊಪ್ಪು ಕಡಿದು ಕಡಿದು ಬೋಳಾದ ಆ ಇಳಿಜಾರಿನಿಂದ ಮೂರು ಮಳೆಗಾಲಗಳಲ್ಲಿ ಮಣ್ಣು ಇಳಿದು ಬಂದು ಕೆರೆ ಅರ್ಧ ತುಂಬಿತು. ಎರಡನೆಯ ಸಲ ಹಣ ಕೇಳಲು ಹೋದಾಗ ಜನ ಕೊಡಲಿಲ್ಲ, ಅವರು ಹಾಗೆ ಮಾಡಿದ್ದು ನ್ಯಾಯವೇ ಆಗಿತ್ತು.

ಆದ್ದರಿಂದ ಬೆಟ್ಟದಿಂದ ಆರಂಭಿಸಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸೌಲಭ್ಯ ಇದೆ. ನಿಮ್ಮ ಕೆರೆಗೆ ನೀರು ಇಳಿಯುವ ಬೆಟ್ಟ ಯಾರ್‍ಯಾರ ತೋಟಕ್ಕೆ ಸೇರಿದೆ ಎಂದು ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಆ ಕುಟುಂಬಗಳು ನಾಲ್ಕೈದು ವರ್ಷ ಆ ಭಾಗದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದನ್ನು ನಿಲ್ಲಿಸಲು ಒಪ್ಪಬೇಕು, ಉಳಿದವರು ಅವರಿಗೆ ತಮ್ಮ ಬೆಟ್ಟದ ಸೊಪ್ಪಿನಲ್ಲಿ ಪಾಲು ಕೊಡಬೇಕು. ಹಣ ಕೂಡಿಸುವುದಕ್ಕಿಂತ ಕಷ್ಟದ ಮಾತು ಇದೇ. ಇದೊಂದು ಕೂಡಿಬಂದರೆ ಉಳಿದದ್ದು ಹಗುರ. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಇಂಗುಗುಂಡಿಗಳನ್ನು ತೋಡಿ, ಕೊರಕಲುಗಳಿಗೆ ಕಲ್ಲಿನ ತಡೆ ಕಟ್ಟಿದರೆ ಮಣ್ಣು ಮೇಲೆಯೇ ನಿಲ್ಲುತ್ತದೆ. ತೀರಾ ಕಡಿದಾದ, ಮಣ್ಣು ಸಡಿಲವಾದ ಗುಡ್ಡದಲ್ಲಿ ಮಾತ್ರ ಗುಂಡಿ ತೋಡಬೇಡಿ. ಅಲ್ಲಿ ನೀರು ಇಂಗಿಸಿದರೆ ಗುಡ್ಡ ಜಾರುವ ಭಯವಿರುತ್ತದೆ.

ಹೂಳೆತ್ತುವ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಪಹಣಿಯಲ್ಲಿ ನೋಡಿ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ವ್ಯವಸ್ಥೆಯ ಕೈಯಲ್ಲಿರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಲ್ಲಿ. ಅರಣ್ಯದೊಳಗಿನ ಕೆರೆಯಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಂತ್ರ ಇಳಿಸುವಂತಿಲ್ಲ. ತಳವನ್ನು ಬಾವಿಯಂತೆ ನೇರವಾಗಿ ಕೊರೆಯದೆ ದಡದಿಂದ ಇಳಿಜಾರಾಗಿ ತೆಗೆಯಿರಿ; ನೇರ ಗೋಡೆ ಕುಸಿಯುತ್ತದೆ, ನೀರು ಕುಡಿಯಲು ಇಳಿದ ದನ, ಕಾಡುಪ್ರಾಣಿ ಮೇಲೇರಲಾರದೆ ಸಾಯುತ್ತದೆ. ಎತ್ತಿದ ಕಪ್ಪು ಮಣ್ಣಿಗೆ ತೋಟಿಗರು ಬೆಲೆ ಕೊಟ್ಟು ಒಯ್ಯಲಿ; ಆ ಹಣ ಕೆರೆಯ ಲೆಕ್ಕಕ್ಕೇ ಸೇರಿ, ಲೆಕ್ಕ ಪ್ರತಿ ತಿಂಗಳು ದೇವಸ್ಥಾನದ ಅಥವಾ ಸೊಸೈಟಿಯ ಗೋಡೆಯ ಮೇಲೆ ಕಾಣಲಿ.

ಈ ಜಿಲ್ಲೆಯ ಜನರಿಗೆ ಇದು ಹೊಸ ವಿದ್ಯೆಯಲ್ಲ. ಬ್ರಿಟಿಷರ ಕಾಲದಲ್ಲಿಯೇ ಕುಮಟಾದ ಹಳಕಾರಿನ ಜನ ಗ್ರಾಮ ಅರಣ್ಯ ಪಂಚಾಯತಿ ಮಾಡಿಕೊಂಡು ತಮ್ಮ ಊರ ಕಾಡನ್ನು ತಾವೇ ಕಾದರು, ಕಾವಲುಗಾರನನ್ನು ತಾವೇ ನೇಮಿಸಿಕೊಂಡರು. 1983ರ ಸೆಪ್ಟೆಂಬರಿನಲ್ಲಿ ನಿಮ್ಮದೇ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ನಾಡಿಗೆಲ್ಲ ಹೆಸರಾಯಿತು, ಆದರೆ ಅದು ಆರಂಭವಾದದ್ದು ತಮ್ಮ ನೀರಿನ ಸೆಲೆ ಬತ್ತುತ್ತದೆ ಎಂಬ ಒಂದು ಊರಿನ ಚಿಂತೆಯಿಂದ. ಶಿರಸಿ ಪಟ್ಟಣದ ಸುತ್ತ ಕೆರೆಗಳಿಗೆ ಮತ್ತೆ ಜೀವ ತಂದ ಜೀವಜಲ ಕಾರ್ಯಪಡೆಯ ಕೆಲಸವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಯಂತ್ರದ ಬಾಡಿಗೆ, ಮಣ್ಣು ಸಾಗಣೆ, ಏರಿಗೆ ಕಲ್ಲು ಹೊದಿಸುವ ಪಿಚ್ಚಿಂಗ್ ಕುರಿತು ಅಲ್ಲಿ ಕಲಿಯಲು ಬಹಳವಿದೆ.

ಪ್ರಶ್ನೆ: ನಾವು ಏಳೆಂಟು ಹೆಂಗಸರು ಸ್ವಸಹಾಯ ಸಂಘದಲ್ಲಿದ್ದೇವೆ. ಊರಿನ ಕೆಲಸಕ್ಕೆ ಕೈಹಾಕಿದರೆ ಓದು ಬರಹ ಬಾರದವರು ಏನು ಮಾಡುತ್ತೀರಿ ಎಂದು ಹಂಗಿಸುತ್ತಾರೆ. (ಅಂಕೋಲಾ ತಾಲ್ಲೂಕಿನ ಹಳ್ಳಿ)

ಉತ್ತರ: ನಿಮ್ಮ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಅಕ್ಷರ ಗೊತ್ತಿರಲಿಲ್ಲ. ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳು ಅವರ ಬಾಯಲ್ಲಿದ್ದವು. ಅದಕ್ಕಿಂತ ಮುಖ್ಯವಾಗಿ, ಸಾರಾಯಿಯಿಂದ ತಮ್ಮ ಕೇರಿಯ ಮನೆಗಳು ಹಾಳಾಗುವುದನ್ನು ಕಂಡು ಅವರು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಗೆ ದುಡಿಯುತ್ತ, ಯಾವ ತಾಯಿಮರದ ಬೀಜ ಯಾವ ಕಾಲಕ್ಕೆ ಹೆಕ್ಕಿದರೆ ಮೊಳೆಯುತ್ತದೆ ಎಂದು ಓದಿದವರಿಗೆ ಹೇಳಿಕೊಟ್ಟರು. ಅವರಿಗೂ ಪದ್ಮಶ್ರೀ ಸಂದಿತು. ಇಬ್ಬರೂ ಈಗಿಲ್ಲ. ಇಬ್ಬರನ್ನು ಬಲ್ಲ ಹೆಂಗಸರು ನಿಮ್ಮ ಸುತ್ತಲೇ ಇದ್ದಾರೆ, ಅವರನ್ನು ನಿಮ್ಮ ಸಂಘಕ್ಕೆ ಕರೆದು ಕೂರಿಸಿ ಕೇಳಿ.

ಕೆಲಸವಾಗಿ ಎತ್ತಿಕೊಳ್ಳಲು ನಿಮಗೆ ಸೂಚಿಸುವುದು ಪಂಚಾಯತಿಯ ಒಣಕಸದ ವ್ಯವಸ್ಥೆ. ಅನೇಕ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ವಾಹನ ಓಡಿಸಿ ಕಸ ಸಂಗ್ರಹಿಸುತ್ತಿದ್ದಾರೆ. ನಿಮ್ಮ ಪಂಚಾಯತಿಯಲ್ಲಿ ವಾಹನ ಇದ್ದೂ ನಿಂತಿದ್ದರೆ ನಡೆಸಲು ನಾವು ಸಿದ್ಧ ಎಂದು ಬರೆದು ಕೊಡಿ. ಬರೆಯಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳು ಬರೆದುಕೊಡಲಿ, ನೀವು ಹೆಬ್ಬೆಟ್ಟು ಒತ್ತಿ. ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಸದಸ್ಯೆಯೊಬ್ಬರನ್ನು ಜೊತೆಗೆ ಕರೆದುಕೊಂಡೇ ಕಚೇರಿಗೆ ಹೋಗಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತೇನೆ. ಹಣ ಕಳುಹಿಸುವುದನ್ನು ಬಿಟ್ಟು ಬೇರೇನು ಮಾಡಬಹುದು? (ಮೂಲ ಹೊನ್ನಾವರ)

ಉತ್ತರ: ಊರಿನಲ್ಲಿ ಕೈಗಳಿವೆ, ಕಾಗದ ಪತ್ರ ನೋಡುವವರ ಕೊರತೆಯಿದೆ. ಮನವಿ ಬರೆಯುವುದು, ಅರ್ಜಿಯ ಸ್ಥಿತಿಯನ್ನು ಗಮನಿಸುವುದು, ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ನಿಮ್ಮ ವಾರ್ಡಿಗೆ ಏನು ಬರೆದಿದ್ದಾರೆ ಎಂದು ಓದಿ ಊರವರಿಗೆ ಸರಳವಾಗಿ ಹೇಳುವುದು, ಇವೆಲ್ಲ ದೂರದಿಂದಲೇ ಆಗುವ ಕೆಲಸಗಳು. ಊರಿನ ಗ್ರಂಥಾಲಯಕ್ಕೆ ಪುಸ್ತಕ ಕೊಡುವುದಾದರೆ ನಿಮ್ಮ ಮನೆಯಲ್ಲಿ ಬೇಡವಾದವನ್ನು ಕಳುಹಿಸದೆ, ಗ್ರಂಥಪಾಲಕರನ್ನು ಕೇಳಿ ಮಕ್ಕಳು ಹುಡುಕುತ್ತಿರುವವನ್ನು ಕಳುಹಿಸಿ. ಒಂದು ವಿನಂತಿ: ಊರಿಗೆ ಬಂದಾಗ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುವ ಮೊದಲು, ವರ್ಷವಿಡೀ ಅಲ್ಲಿಯೇ ಇರುವವರು ಏನು ಮಾಡುತ್ತಿದ್ದಾರೆ ಎಂದು ಕೇಳಿ.

ಪ್ರಶ್ನೆ: 2024ರ ನಂತರ ಮಳೆಗಾಲ ಬಂದರೆ ನಮ್ಮ ಗುಡ್ಡದ ಬುಡದ ಊರಿನಲ್ಲಿ ನಿದ್ದೆ ಬರುವುದಿಲ್ಲ. ನಿವಾಸಿಗಳಾಗಿ ನಾವು ಮಾಡಬಹುದಾದದ್ದು ಏನು? (ಕಾರವಾರ ತಾಲ್ಲೂಕು)

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದ ಬದುಕುಗಳು ಮಣ್ಣಿನಡಿಯಾದವು. ಮೂರು ವಾರ ಕಳೆದು, ಆಗಸ್ಟ್ 6ರ ನಡುರಾತ್ರಿ ದಾಟಿ 7ನೇ ತಾರೀಖು ಆರಂಭವಾದ ಹೊತ್ತಿನಲ್ಲಿ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸೇತುವೆಯೊಂದಿಗೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಆ ಕತ್ತಲಿನಲ್ಲಿ ಬದುಕಿಸುವುದರಲ್ಲಿ ಪೊಲೀಸರೊಂದಿಗೆ ಸ್ಥಳೀಯ ಮೀನುಗಾರರ ಕೈಯಿತ್ತು. ಹೊರಗಿನ ತಂಡ ಬಂದು ತಲುಪುವ ತನಕದ ಹೊತ್ತು ನೆರೆಯವರದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೇ ತಿಂಗಳಲ್ಲಿಯೇ ಊರಿನ ಇಬ್ಬರು ಮೂವರು ಗುಡ್ಡವನ್ನು ಬಲ್ಲವರು ಮೇಲಕ್ಕೆ ನಡೆದು ನೋಡಲಿ. ನೆಲದಲ್ಲಿ ಹೊಸ ಬಿರುಕು, ಓರೆಯಾಗಿ ವಾಲಿದ ಮರ, ಗುಡ್ಡ ಕಡಿದ ಜಾಗದಲ್ಲಿ ಉಬ್ಬಿದ ಮಣ್ಣು, ಮಣ್ಣು ಹಾಕಿ ಮುಚ್ಚಿದ ಹಳೆಯ ನೀರಿನ ಹಾದಿ ಕಂಡರೆ ಚಿತ್ರ ತೆಗೆದು ತಹಶೀಲ್ದಾರರಿಗೆ ಲಿಖಿತವಾಗಿ ಕೊಡಿ. ಮಳೆಗಾಲದಲ್ಲಿ ಸದಾ ಹರಿಯುವ ಒರತೆ ಒಮ್ಮೆಲೇ ನಿಂತರೆ, ಅಥವಾ ತಿಳಿನೀರು ಕೆಸರಾದರೆ, ಇಲಾಖೆಯ ಉತ್ತರಕ್ಕೆ ಕಾಯದೆ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ಬಾಣಂತಿ ಇದ್ದಾಳೆ, ಅವರನ್ನು ಎತ್ತಿ ಒಯ್ಯುವ ಹೊಣೆ ಯಾರದು, ಯಾರ ಬಳಿ ದೋಣಿ, ಜೀಪು, ಹಗ್ಗ ಇದೆ ಎಂಬ ಪಟ್ಟಿ ಕಾಗದದ ಮೇಲೆ ಇರಲಿ. ದೊಡ್ಡ ಮಳೆಯ ದಿನ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಸಿಗ್ನಲ್ ಸಿಗುವ ಜಾಗ ಯಾವುದು ಎಂದು ಮೊದಲೇ ಗುರುತಿಸಿಕೊಂಡು, 112 ಮತ್ತು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಪ್ರತಿ ಮನೆಯ ಬಾಗಿಲ ಹಿಂದೆ ಬರೆಸಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ನನ್ನಿಂದ ಊರಿಗೆ ಏನಾದರೂ ಆಗುತ್ತದೆಯೇ? (ಸಿದ್ದಾಪುರ)

ಉತ್ತರ: ನಿಮ್ಮ ಊರಿನಲ್ಲಿ ಯಾರೂ ಮಾಡದಿರುವ ಒಂದು ಕೆಲಸವನ್ನು ನೀವು ಮಾಡಬಹುದು. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿಯೊಂದನ್ನು ಮರ, ಮಾಡು ಯಾವುದೂ ಅಡ್ಡ ಬಾರದ ಬಯಲಿನಲ್ಲಿ ಅಲುಗಾಡದಂತೆ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು ಬರೆದು, ನೀರು ಚೆಲ್ಲಿ ಮತ್ತೆ ಇಡಿ. ವಾರಕ್ಕೊಮ್ಮೆ ಊರಿನ ನಾಲ್ಕು ಬಾವಿಗಳಿಗೆ ಗಂಟು ಹಾಕಿದ ಹಗ್ಗ ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದು ದೊಡ್ಡವರೊಬ್ಬರ ಜೊತೆಯಲ್ಲಿ ನೋಡಿ. ಬೇಸಿಗೆಯಲ್ಲಿ ಕಾಡಿನಂಚಿನಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಆ ದಿನಾಂಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಸೀಮೆಯಲ್ಲಿ ಮಂಗನ ಕಾಯಿಲೆಯ ಮೊದಲ ಸುಳಿವು ಹಾಗೆಯೇ ಸಿಗುವುದು. ಒಂದು ವರ್ಷ ತುಂಬಿದ ಮೇಲೆ ಪುಸ್ತಕವನ್ನು ಮಕ್ಕಳ ಗ್ರಾಮಸಭೆಗೆ ಒಯ್ದು, ಯಾವ ತಿಂಗಳು ಯಾವ ಬಾವಿ ಎಷ್ಟು ಇಳಿಯಿತು ಎಂದು ಓದಿ ಹೇಳಿ. ಜೂನ್ 1ರಿಂದ ಆರಂಭಿಸಿ, ಮಳೆ ಬಾರದ ದಿನ ಸೊನ್ನೆ ಎಂದು ಬರೆಯುವುದನ್ನು ಬಿಡಬೇಡಿ.